ಬಾರಿಸಲು ಬಲ್ಲವರಿಗೊಂದು ಪುಸ್ತಕ

೫-೮-೧೯೫೮, ಮಂಗಳವಾರ. ಬೆಳಿಗ್ಗೆ ೬

ಡ್ರಮ್ಮಿನ ಮೊದಲ ಪಾಠ ಡ್ಯಾಡಿ-ಮ್ಯಾಮಿ, ಇನ್ನೂರು ಸಲ. ಮಣೆಯ ಮೇಲೆ. ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಎರಡು — ನಿಧಾನದಿಂದ ಹಿಡಿದು, ಏಟುಗಳೆಲ್ಲ ಸೇರಿ ಒಂದೇ ಉರುಳಾಗುವವರೆಗೆ. ರೆಜಿಮೆಂಟಿನ ಬ್ಯಾಂಡಿನಲ್ಲಿ ಹದಿನೆಂಟು ವರ್ಷ ಸೈಡ್ ಡ್ರಮ್ ಬಾರಿಸಿದೆ. ಹವಿಲ್ದಾರನಾಗಿ ಪೆನ್ಶನ್ ಪಡೆದು ಬೆಳ್ಳಾರೆಗೆ ಬಂದ ಮೇಲೆ ಪುತ್ತೂರಿನ ಗುರುವಪ್ಪನ ಬ್ಯಾಂಡ್ ಸೆಟ್. ಮದುವೆ, ಮೆರವಣಿಗೆ. ಕೈ ತಪ್ಪುವುದಿಲ್ಲ. ಆದರೆ ಹೊಸದು ಒಂದೂ ಬರುವುದಿಲ್ಲ.

ಮದರಾಸಿನ ವಾದ್ಯದ ಅಂಗಡಿಯಿಂದ ಕಾಗದ ಬಂತು. ಹೊಸದಾಗಿ ಕಲಿಯುವವರ ಪುಸ್ತಕ ಮಾತ್ರ ಇದೆಯಂತೆ. ಬೆಂಗಳೂರಿನವರದ್ದೂ ಇದೇ ಉತ್ತರ. ಕೋಲು ಹಿಡಿಯುವುದು ಹೇಗೆ ಎಂದು ಹೇಳಲು ಎಲ್ಲರೂ ತಯಾರು. ಹಿಡಿದು ಇಪ್ಪತ್ತು ವರ್ಷ ಆದವನು ಮುಂದೇನು ಮಾಡಬೇಕು?

ಅಂಥ ಪುಸ್ತಕ ಇದೆ. ವೆಲಿಂಗ್ಟನ್ನಿನ ದಂಡಿನಲ್ಲಿ ಬ್ಯಾಂಡ್‌ಮಾಸ್ಟರ್ ದೊರೆ ಎದುರಿಗಿಟ್ಟುಕೊಂಡು ಬಾರಿಸುವುದನ್ನು ಒಮ್ಮೆ ನೋಡಿದ್ದೇನೆ. ಸಾಹುಲ್ ಹಮೀದರಿಗೆ ಹೇಳಿದೆ. ಬೆಳ್ಳಾರೆಯಲ್ಲಿ ಅಡಿಕೆ ವ್ಯಾಪಾರ ಅವರದ್ದು. ಅವರ ಭಾವ ಬೊಂಬಾಯಿ ಬಂದರಿನಲ್ಲಿ ಇದ್ದಾರೆ. ಹುಡುಕಿಸುತ್ತಾರಂತೆ. ನೋಡುವಾ.

೩೧-೮-೧೯೫೮, ಭಾನುವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ.

ನಿನ್ನೆ ಪುತ್ತೂರಿನಲ್ಲಿ ರಸ್ತೆ ದಾಟುವಾಗ ಬಸ್ಸು ಮೈಗೆ ತಾಗುವಷ್ಟು ಹತ್ತಿರ ಬಂತು. ಹಾರ್ನ್ ಹೊಡೆದನಂತೆ. ನನಗೆ ಕೇಳಿಸಲಿಲ್ಲ. ಎಡಗಿವಿ ಬರ್ಮಾದಲ್ಲಿ ಶೆಲ್ ಬಿದ್ದಾಗಲೇ ಹೋಗಿತ್ತು. ಈಗ ಬಲದ್ದು. ಡಾಕ್ಟರ್ ದೀಪ ಹಾಕಿ ನೋಡಿದರು. ನರದ ತೊಂದರೆ... ಮದ್ದಿಲ್ಲ... ಎಷ್ಟು ದಿನ ಎಂದು ಹೇಳಲಾಗದು.

ಹೆಂಡತಿ ದುಗ್ಗಮ್ಮನಿಗೆ ಹೇಳಲಿಲ್ಲ. ಗುರುವಪ್ಪನಿಗೆ ಹೇಳುವ ಪ್ರಶ್ನೆಯೇ ಇಲ್ಲ.

ನಾನು ಕಲಿತದ್ದೆಲ್ಲ ಕಿವಿಯಿಂದ. ಇನ್ನೊಬ್ಬ ಬಾರಿಸಿದ, ಕೇಳಿದೆ, ಬಾರಿಸಿದೆ. ನೋಟೇಶನ್, ಅಂದರೆ ಕಾಗದದ ಮೇಲೆ ಬರೆದಿಟ್ಟ ವಾದ್ಯ, ಓದಲು ಬರುವುದಿಲ್ಲ. ಕಿವಿ ಹೋದ ಮೇಲೆ ಕಲಿಯುವುದು ಎಲ್ಲಿಂದ?

೨೪-೧೦-೧೯೫೮, ಶುಕ್ರವಾರ. ಸಂಜೆ

ಬಂತು!

ಸಾಹುಲ್ ಹಮೀದರು ಅಂಗಡಿಯ ಒಳಗಿಂದ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. "ಇದಾ ಬೋಜಪ್ಪಣ್ಣ, ಭಾವ ಕಳಿಸಿದ್ದು. ಹಡಗಿನ ಬ್ಯಾಂಡಿನವರದ್ದಂತೆ. ರಸ್ತೆ ಬದಿ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿತಂತೆ."

ರಟ್ಟು ಇಲ್ಲ. ಅಂಚಿಗೆ ಉಪ್ಪುನೀರಿನ ಕಲೆ. ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು. ಕೂಡಿಸಿ ಕೂಡಿಸಿ ಓದಿದೆ: ಏಟುಗಳನ್ನು ಆಗಲೇ ಬಲ್ಲ ಡ್ರಮ್ಮರುಗಳಿಗೆ ಮಾತ್ರ.

ಯಾರೋ, ಯಾವ ದೇಶದವನೋ, ನನ್ನನ್ನು ಎಣಿಸಿಯೇ ಬರೆದ ಹಾಗೆ.

ಸಾಹುಲ್ ಹಮೀದರು ಬಗ್ಗಿ ನೋಡಿದರು. "ಎಂತ ಮಾರಾಯ್ರೆ ಇದು, ಇರುವೆ ಸಾಲು ಹೋದ ಹಾಗೆ ಉಂಟಲ್ಲ! ನಿಮಗೆ ಓದಲಿಕ್ಕೆ ಬರ್ತದಾ?"

"ಇಲ್ಲ."

ಅವರು ಪಾಪ, ನಗಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು, "ನೆಲ್ಯಾಡಿಯಲ್ಲಿ ಕೇರಳದ ಒಬ್ಬರು ಟೀಚರ್ ಇದ್ದಾರೆ. ಇಗರ್ಜಿಯಲ್ಲಿ ಹಾರ್ಮೋನಿಯಂ ನುಡಿಸುದು. ಅವರ ಎದುರಿಗೆ ಇಂಥದ್ದೇ ಇರುವೆಯ ಕಾಗದ ಇಟ್ಟದ್ದು ನಾನು ಕಂಡಿದ್ದೇನೆ."

ಕತ್ತಲಾಗುವವರೆಗೆ ಪುಟ ತಿರುವಿದೆ. ಒಂದೂ ಅರ್ಥವಾಗಲಿಲ್ಲ. ಮುಚ್ಚಲು ಮನಸ್ಸೂ ಬರಲಿಲ್ಲ.

೨-೧೧-೧೯೫೮, ಭಾನುವಾರ

ಪುತ್ತೂರು, ಉಪ್ಪಿನಂಗಡಿ, ನೆಲ್ಯಾಡಿ. ಮೂರು ಬಸ್ಸು.

ಏಲಿಯಮ್ಮ ಟೀಚರ್. ಅರವತ್ತರ ಹತ್ತಿರ. ಬಿಳಿ ಚಟ್ಟೆ, ಬಿಳಿ ಮುಂಡು, ಕೇರಳದ ಕ್ರೈಸ್ತ ಹೆಂಗಸರ ಉಡುಗೆ. ಗಂಡ ಇಲ್ಲ. ಮಗನದ್ದು ರಬ್ಬರ್ ತೋಟ. ಚಿಕ್ಕಂದಿನಲ್ಲಿ ಕಾನ್ವೆಂಟಿನಲ್ಲಿ ಸಂಗೀತ ಕಲಿತವರು. ಪುಸ್ತಕ ಕೊಟ್ಟೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿದರು.

"ಹವಿಲ್ದಾರ್ರೇ, ಇದರಲ್ಲಿ ರಾಗವೇ ಇಲ್ಲ! ಎಲ್ಲ ಚುಕ್ಕೆಯೂ ಒಂದೇ ಮನೆಯಲ್ಲಿ ಕೂತಿದೆ."

"ಡ್ರಮ್ಮಿಗೆ ರಾಗ ಇಲ್ಲ ಟೀಚರ್. ಹೊತ್ತು ಮಾತ್ರ."

"ಹೊತ್ತು ಮಾತ್ರ..." ಎಂದು ಚುಕ್ಕೆಗಳ ಮೇಲೆ ಬೆರಳು ಓಡಿಸಿದರು. "ಹಾಗಾದರೆ ಹೊತ್ತು ಓದಲಿಕ್ಕೆ ನಾನು ಕಲಿಸ್ತೇನೆ. ಬಾರಿಸಲಿಕ್ಕೆ ನೀವು ನನಗೆ ತೋರಿಸಿ. ಇದು ಕೇಳಲಿಕ್ಕೆ ಹೇಗೆ ಉಂಟು ಅಂತ ನನಗೂ ತಿಳಿಯಬೇಕು."

ಎದುರು ಕೂತು, ನಿಧಾನವಾಗಿ, ಗಟ್ಟಿಯಾಗಿ ಮಾತಾಡುತ್ತಾರೆ. ಅವರ ಮಾತು ನನಗೆ ಕೇಳಿಸಿತು. ಕಿವಿಯ ಸಂಗತಿಯನ್ನು ಅವರಿಗೆ ಮಾತ್ರ ಹೇಳಿದೆ.

೯-೧೧-೧೯೫೮, ಭಾನುವಾರ. ರಾತ್ರಿ ಮನೆಗೆ ಬಂದ ಮೇಲೆ

ಬೇಯಿಸಿದ ಮರಗೆಣಸು ಮೇಜಿನ ಮೇಲೆ. ಟೀಚರ್ ಚಾಕು ತೆಗೆದುಕೊಂಡರು. ಇಡಿಯ ಗೆಣಸು, ಪುಸ್ತಕದಲ್ಲಿ ಬಿಳಿ ಚುಕ್ಕೆ. ಅರ್ಧ ಕತ್ತರಿಸಿದರೆ ಚುಕ್ಕೆಗೆ ಬಾಲ ಬಂತು. ಕಾಲು ಮಾಡಿದರೆ ಹೊಟ್ಟೆ ಕಪ್ಪಾಯಿತು. ಎಂಟರಲ್ಲೊಂದು ಪಾಲಿಗೆ ಬಾಲಕ್ಕೊಂದು ಬಾವುಟ. ಹದಿನಾರಕ್ಕೆ ಎರಡು ಬಾವುಟ. ಅಷ್ಟೇ! ಆ ಇರುವೆ ಸಾಲು ಅಷ್ಟೇ! ಚೂರು ಮಾಡಿದ ಗೆಣಸನ್ನೆಲ್ಲ ಕಾಂತಾರಿ ಮೆಣಸಿನ ಚಟ್ನಿ ಹಚ್ಚಿ ಇಬ್ಬರೂ ತಿಂದೆವು.

ಆಮೇಲೆ ಮೂರನೇ ಪುಟ. ರಬ್ಬರ್ ಶೀಟು ಮಡಚಿ ಹಲಗೆಗೆ ಮೊಳೆ ಹೊಡೆದು ಕೊಟ್ಟರು, ಅದರ ಮೇಲೆ ಬಾರಿಸಿದೆ. ಕೋಲು ಚೆನ್ನಾಗಿ ಪುಟಿಯುತ್ತದೆ. ಅವರು ಎಣಿಸುವುದು, ನಾನು ಬಾರಿಸುವುದು.

ಅದೇ ಉರುಳು. ನಾನು ಲಕ್ಷ ಸಲ ಬಾರಿಸಿದ್ದು. ಸಾಲಿಗೆ ಎಂಟು ಏಟು. ಆದರೆ ಜೋರು ಏಟು ಏಳಕ್ಕೊಂದು. ಹಾಗಾಗಿ ಜೋರು ಏಟು ಪ್ರತಿ ಸಾಲಿನಲ್ಲಿ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತದೆ. ನೆಲವೇ ಕಾಲಡಿಯಿಂದ ಮೆಲ್ಲಗೆ ಜಾರುತ್ತದೆ. ಬಿದ್ದೆ, ಬಿದ್ದೆ ಎನ್ನುವಾಗ — ಏಳು ಸಾಲು ಮುಗಿದು, ಎಂಟನೆಯದರ ತಲೆಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಕೈ ನನ್ನದು. ಏಟು ನನ್ನದು. ಬಂದದ್ದು ಮಾತ್ರ ನಾನು ಎಂದೂ ಕೇಳದ್ದು. ಟೀಚರ್ ಎಣಿಸುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಶಿಲುಬೆಯ ಗುರುತು ಹಾಕಿಕೊಂಡು, "ಇದು ಇಷ್ಟು ದಿನ ಎಲ್ಲಿತ್ತು?" ಎಂದರು.

ನನ್ನ ಕೈಯಲ್ಲೇ ಇತ್ತು, ಟೀಚರ್. ನನಗೇ ಗೊತ್ತಿರಲಿಲ್ಲ.

೭-೧೨-೧೯೫೮, ಭಾನುವಾರ

ಹನ್ನೊಂದನೇ ಪುಟ. ಇನ್ನು ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಟೀಚರ್ ಈಗ ಸ್ಲೇಟಿನಲ್ಲಿ ಬರೆದು ತೋರಿಸುತ್ತಾರೆ. ಗಟ್ಟಿಯಾಗಿ ಹೇಳಿದ್ದೂ ಕೆಲವು ಸಲ ಕೇಳುವುದಿಲ್ಲ.

೧೨-೧೨-೧೯೫೮, ಶುಕ್ರವಾರ

ಕಡಬದಲ್ಲಿ ಮದುವೆ ದಿಬ್ಬಣ. ಗುರುವಪ್ಪ ಕ್ಲಾರಿನೆಟ್ ನಿಲ್ಲಿಸಿದ್ದಾನೆ. ಎಲ್ಲರೂ ನಿಲ್ಲಿಸಿದ್ದಾರೆ. ಪುರೋಹಿತರು ಏನೋ ಹೇಳುತ್ತಿದ್ದರಂತೆ. ನಾನೊಬ್ಬ ಬಾರಿಸುತ್ತಲೇ ಇದ್ದೆ. ತಲೆ ಎತ್ತಿದಾಗ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೆಲವರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು.

ಗುರುವಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಸ್‌ಸ್ಟ್ಯಾಂಡಿನವರೆಗೆ ನನ್ನ ಡ್ರಮ್ಮು ಅವನೇ ಹೊತ್ತುಕೊಂಡು ಬಂದ. ನನ್ನ ಬಲಗಿವಿಗೆ ಬಾಯಿಟ್ಟು ಹೇಳಿದ, "ಬೋಜಪ್ಪಣ್ಣ, ನಿಮ್ಮಂಥ ಕೈ ನನಗೆ ಇನ್ನು ಸಿಗ್ಲಿಕ್ಕಿಲ್ಲ. ಆದ್ರೆ ಇನ್ನು ಬೇಡ. ನಿಮ್ಮನ್ನು ನೋಡಿ ಜನ ನಗುದು ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ."

೨೬-೧೨-೧೯೫೮, ಶುಕ್ರವಾರ

ಎರಡು ಭಾನುವಾರ ನೆಲ್ಯಾಡಿಗೆ ಹೋಗಲಿಲ್ಲ. ಕೋಲು ಮುಟ್ಟಲಿಲ್ಲ. ಪುಸ್ತಕ ಪೆಟ್ಟಿಗೆಯ ಒಳಗೆ.

ಇವತ್ತು ದುಗ್ಗಮ್ಮ ಅದನ್ನು ಹೊರಗೆ ತೆಗೆದು ತಂದು ನನ್ನ ಮಡಿಲಲ್ಲಿಟ್ಟಳು. ಎದುರು ಕೂತಳು.

"ಭಾನುವಾರ ಹೋಗಿ."

"ನಿನಗೆ ಗೊತ್ತಿಲ್ಲ ದುಗ್ಗು. ನನ್ನ ಕಿವಿ—"

"ಗೊತ್ತುಂಟು. ಒಂದು ವರ್ಷದಿಂದ ನಾನು ನಿಮ್ಮ ಎದುರು ಬಂದೇ ಮಾತಾಡುದು. ಬೆನ್ನ ಹಿಂದಿಂದ ಕರೆದದ್ದು ಉಂಟಾ? ಒಮ್ಮೆ ನೆನಪು ಮಾಡಿ ನೋಡಿ."

ನೆನಪು ಮಾಡಿದೆ. ಇಲ್ಲ. ಒಮ್ಮೆಯೂ ಇಲ್ಲ. ಅಡುಗೆ ಮನೆಯಿಂದ ಕೈ ಒರೆಸಿಕೊಂಡು ಹೊರಗೆ ಬಂದು, ಎದುರು ನಿಂತು, "ಊಟಕ್ಕೆ ಬನ್ನಿ" ಎನ್ನುವುದು... ನಾನು ಅದನ್ನು ಅವಳ ಮರ್ಯಾದೆ ಎಂದುಕೊಂಡಿದ್ದೆ.

ಒಂದು ವರ್ಷ! ನಾನು ಅಡಗಿಸಿದೆ ಎಂದುಕೊಂಡದ್ದನ್ನು ಅವಳು ಅಡಗಿಸಿಟ್ಟಿದ್ದಳು. ಎಂಥ ಹೆಂಗಸು.

೨೮-೧೨-೧೯೫೮, ಭಾನುವಾರ

ಇದನ್ನು ಹೇಗೆ ಬರೆಯಲಿ.

ಉಪ್ಪಿನಂಗಡಿಯಿಂದ ಬಸ್ಸು. ನಿಂತುಕೊಂಡೂ ಜನ. ಕಿಟಕಿ ಪಕ್ಕ ಜಾಗ ಸಿಕ್ಕಿತು. ಸುಮ್ಮನೆ ಪುಸ್ತಕ ಬಿಡಿಸಿದೆ. ಹತ್ತೊಂಬತ್ತನೇ ಪುಟ. ಬಾರಿಸದ ಪುಟ, ಟೀಚರ್ ಎಣಿಸಿ ತೋರಿಸದ ಪುಟ. ಕಣ್ಣು ಮೊದಲ ಸಾಲಿನಲ್ಲಿ ಹೋಯಿತು.

ಕೇಳಿತು.

ಕೈಯಲ್ಲಿ ಕೋಲಿಲ್ಲ. ಯಾರೂ ಬಾರಿಸುತ್ತಿಲ್ಲ. ಬಸ್ಸಿನ ಸದ್ದು ಕೂಡ ನನಗೆ ಇಲ್ಲ, ಸೀಟಿನ ಅದುರು ಮಾತ್ರ. ಆದರೆ ತಲೆಯ ಒಳಗೆ ಡ್ರಮ್ಮು — ಒಂದೊಂದು ಏಟೂ ಬೇರೆ ಬೇರೆ, ತೊಳೆದಿಟ್ಟ ಹಾಗೆ ಸ್ಪಷ್ಟ. ನನ್ನ ಎರಡೂ ಕಿವಿ ಚೆನ್ನಾಗಿದ್ದ ಕಾಲದಲ್ಲೂ ಇಷ್ಟು ಸ್ಪಷ್ಟವಾಗಿ ಕೇಳಿದ್ದಿಲ್ಲ. ಕಣ್ಣು ತಡೆದರೆ ಡ್ರಮ್ಮು ತಡೆಯುತ್ತದೆ. ಕಣ್ಣು ಮುಂದೆ ಹೋದರೆ ಅದೂ ಹೊರಡುತ್ತದೆ.

ಇಪ್ಪತ್ತನೇ ಪುಟ. ಇಪ್ಪತ್ತೊಂದು.

ಕಂಡಕ್ಟರ್ ಭುಜ ಹಿಡಿದು ಅಲುಗಾಡಿಸಿದ. ನೆಲ್ಯಾಡಿ ದಾಟಿ ಎಷ್ಟೋ ದೂರ ಬಂದಿದ್ದೆ. ಇಳಿದು ಹಿಂದಕ್ಕೆ ನಡೆದೆ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಟೀಚರಿಗೆ ಹೇಳಿದೆ. ಅವರು ಸ್ಲೇಟು ಹುಡುಕಿ ಬರೆದರು: ನನಗೂ ಹಾಗೆಯೇ ಒಮ್ಮೆ ಆಗಿತ್ತು. ಹದಿನಾಲ್ಕು ವರ್ಷ ಆಗ. ಯಾರಿಗೂ ಹೇಳಿರಲಿಲ್ಲ.

೧೮-೧-೧೯೫೯, ಭಾನುವಾರ

ಪುತ್ತೂರಿನಲ್ಲಿ ಗುರುವಪ್ಪನ ಬ್ಯಾಂಡು ಎದುರಾಯಿತು. ಹೊಸ ಡ್ರಮ್ಮರ್. ನಿಂತು ಅವನ ಕೋಲು ನೋಡಿದೆ. ಒಳ್ಳೆ ಕೈ. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಬರೆಯಲಿ.

ಪುಸ್ತಕ ಹೋದ ವಾರವೇ ಮುಗಿದಿತ್ತು. ಇದರ ಮುಂದಿನದು ಎಲ್ಲೂ ಸಿಗುವುದಿಲ್ಲ ಎಂದು ಬೊಂಬಾಯಿಯಿಂದ ಕಾಗದ. ಹಾಗಾಗಿ ಡ್ರಮ್ಮಿಗೆ ನಾನೇ ಒಂದು ಪಾಠ ಬರೆದೆ. ಎಂಟು ಸಾಲು. ನಾಲ್ಕು ದಿನ ಹಿಡಿಯಿತು. ಯಾರಿಗೂ ಬಾರಿಸಿ ತೋರಿಸಲಿಲ್ಲ. ನಾನೂ ಬಾರಿಸಿ ನೋಡಲಿಲ್ಲ.

ಟೀಚರ್ ಎದುರು ಕಾಗದ ಇಟ್ಟೆ. ಓದಿದರು. ಬೆರಳಿನಿಂದ ಮೇಜಿನ ಮೇಲೆ ಶುರು ಮಾಡಿದರು. ನಾನು ಅವರ ಬೆರಳನ್ನೇ ನೋಡುತ್ತಾ ಕೂತೆ. ನನ್ನ ತಲೆಯಲ್ಲಿ ಇದ್ದದ್ದು, ನಾನು ಬಾಯಿಬಿಟ್ಟು ಹೇಳದ್ದು, ಅವರ ಬೆರಳ ತುದಿಯಿಂದ ಹಾಗೆಯೇ ಇಳಿದು ಬರುತ್ತಿತ್ತು. ಒಂದು ಏಟೂ ತಪ್ಪಲಿಲ್ಲ. ಇಬ್ಬರ ನಡುವೆ ಇದ್ದದ್ದು ಒಂದು ತುಂಡು ಕಾಗದ.

ಐದನೇ ಸಾಲಿನಲ್ಲಿ ನಕ್ಕರು. ಅಲ್ಲಿ ನಗು ಬರಬೇಕು ಎಂದೇ ಬರೆದಿದ್ದೆ.

೨೦-೧-೧೯೫೯, ಮಂಗಳವಾರ. ಮಧ್ಯಾಹ್ನ

ಎರಡನೆಯದಕ್ಕೆ ಕೂತಿದ್ದೇನೆ. ದುಗ್ಗಮ್ಮ ಬಂದು ಎದುರು ನಿಂತಳು. "ನನಗೆ ಓದಿ ಹೇಳಿ" ಎಂದಳು.

"ಇದು ಓದಿ ಹೇಳುವಂಥದ್ದಲ್ಲ."

"ಟೀಚರಿಗೆ ಆಗ್ತದೆ, ನನಗೆ ಆಗುದಿಲ್ಲವಾ?"

ಕೂರಿಸಿದೆ. ಅವಳ ಅಂಗೈ ತೆಗೆದುಕೊಂಡು ನನ್ನ ಮಡಿಲ ಮೇಲೆ ಬಿಡಿಸಿಟ್ಟೆ. ಎರಡು ಬೆರಳಿನಿಂದ ಮೊದಲ ಸಾಲು. ಮೆಲ್ಲಗೆ. ಕಚಗುಳಿ ಎಂದು ಕೈ ಎಳೆದುಕೊಂಡಳು. ಮತ್ತೆ ಅವಳೇ ಕೊಟ್ಟಳು. ಎರಡನೇ ಸಾಲಿಗೆ ಕಣ್ಣು ಮುಚ್ಚಿದಳು. ಮೂರನೆಯದು ಇನ್ನೂ ಬರೆದಿಲ್ಲ, ತಲೆಯಲ್ಲೂ ಇರಲಿಲ್ಲ. ನನ್ನ ಬೆರಳು ನಿಂತಿತು. ಅವಳು ಕಣ್ಣು ಬಿಡದೆ, ತನ್ನ ಇನ್ನೊಂದು ಕೈಯಿಂದ ನನ್ನ ಮೊಣಕಾಲ ಮೇಲೆ — ಒಂದು, ಒಂದು ಬಿಟ್ಟು ಎರಡು, ಆಮೇಲೆ... ಅದನ್ನೇ ಮೂರನೇ ಸಾಲು ಎಂದು ಬರೆದುಕೊಳ್ಳುತ್ತಿದ್ದೇನೆ.