ಎಣ್ಣೆ ಬಿಸಿ ಮಾಡೋಕೆ ನರಸೀಪುರ

ಮಂಗಳವಾರ, ನವೆಂಬರ್ 12

ಮಂಚ, ಒಲೆ ಇಟ್ಟುಕೊಂಡು ನಾನೂ ಯಜಮಾನರೂ ಊರೂರು ಸುತ್ತಿದ ವ್ಯಾನಿನ ಗೇರ್‌ಬಾಕ್ಸ್ ಎಣ್ಣೆ ಇವತ್ತು ಬದಲಾಯ್ತು. ಅವರು ತೀರಿಕೊಂಡ ಮೇಲೆ ಗಾಡಿ ನಿಂತೇ ಇತ್ತು. ಎಣ್ಣೆ ಬಿಸಿಯಾದ್ರೇ ಪೂರಾ ಇಳಿಯೋದು ಅಂತ ಮೆಕ್ಯಾನಿಕ್ ನಾಗೇಂದ್ರ ನಂಜನಗೂಡಿಂದ ನರಸೀಪುರದ ತನಕ ಓಡಿಸಿದ. ನಾನೂ ಪಕ್ಕದಲ್ಲಿ ಹತ್ತಿ ಕೂತೆ.

‘ನೀವ್ಯಾಕಜ್ಜಿ?’ ಅಂದ.

‘ಗಾಡಿ ನಿಮ್ಮಪ್ಪಂದಾ? ನಡಿಯೋ’ ಅಂದೆ.

ಸೇತುವೆ ಬಂತು. ‘ಹೊಳೆ ತುಂಬೈತೆ, ನೋಡ್ರೀ’ ಅಂತ ಬಾಯಿಂದ ಬಂದೇಬಿಡ್ತು.

‘ಯಾರಿಗಜ್ಜಿ ಹೇಳಿದ್ದು?’

‘ರಸ್ತೆ ನೋಡ್ಲಾ’ ಅಂತ ಗದರಿದೆ. ನರಸೀಪುರ ಮುಟ್ಟಿ, ಗಾಡಿ ತಿರುಗಿಸಿ ಮನೆಗೆ ಬಂದ್ವಿ.

ಎಣ್ಣೆ ಇಳಿಸಿ ಹೊಸದು ಹಾಕಿ, ‘ಇನ್ನೆರಡು ವರ್ಷ ಇದನ್ನ ಮುಟ್ಟೋದೇ ಬೇಡಜ್ಜಿ’ ಅಂದ. ಒಳ್ಳೆ ಸುದ್ದಿ ಹೇಳಿದೆ ಅನ್ನೋ ಮುಖ ಅವಂದು. ಅಲ್ಲೀತನಕ ಯಾರ ಪಕ್ಕ ಕೂತ್ಕೊಂಡು ನಾನು ಹೊಳೆ ನೋಡ್ಲಿ?