ಹದಿನೇಳನೇ ನಂಬರಿನ ಕಿವಿ

ಮಂಗಳವಾರ, ಮಾರ್ಚ್ ೪

ಅಮ್ಮಾ,

ಫೋನ್ ಮಾಡುವುದು ಬಿಟ್ಟು ಇವಳಿಗೇಕೆ ಕಾಗದ ಬರೆಯುವ ಹುಚ್ಚು ಹಿಡಿಯಿತು ಅಂತ ಲಕೋಟೆ ಒಡೆಯುವಾಗಲೇ ಗೊಣಗಿರುತ್ತೀಯ. ಗೊಣಗು. ಹೋದ ತಿಂಗಳು ಫೋನಿನಲ್ಲಿ, ಮೂರು ದಿನದಿಂದ ಜ್ವರ ಕಣಮ್ಮ ಅಂತ ಹೇಳಿದೆ. ಒಳ್ಳೇದಾಯ್ತು ಬಿಡು ಅಂತ ನೀನು ಹೇಳಿದೆ. ಆಗ ನಕ್ಕುಬಿಟ್ಟೆ. ಈಗ ನಗು ಬರುತ್ತಿಲ್ಲ. ಈಗ ಹೇಳಬೇಕಾದ ವಿಷಯಕ್ಕೂ ನೀನು ಬರೀ ಹೂಂ, ಹೂಂ ಅಂದರೆ ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸುಸ್ತಾಗಿದ್ದೇನಮ್ಮ. ಜ್ವರದ ಸುಸ್ತಲ್ಲ ಇದು. ಬೆಳಗ್ಗೆ ಎಂಟಕ್ಕೆ ಕ್ಲಿನಿಕ್ಕು. ಹತ್ತು ಜನಕ್ಕೆ ಹೆಡ್‌ಫೋನ್ ಹಾಕುವುದು, ತೆಗೆಯುವುದು, ಒರೆಸುವುದು. ಮಧ್ಯಾಹ್ನ ಕ್ಲಾಸು. ಆಮೇಲೆ ಕಿಟಕಿಯೇ ಇಲ್ಲದ ಲ್ಯಾಬಿನಲ್ಲಿ ಕಂಪ್ಯೂಟರ್ ಮುಂದೆ. ಸಂಶೋಧನೆಗೆ ಹೆಸರಾದ ಯೂನಿವರ್ಸಿಟಿ ಅಂತ ಗಿರಣಿಯಲ್ಲಿ ಎಲ್ಲರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತೀಯಲ್ಲ, ಸಂಶೋಧನೆ ಅಂದರೆ ಇಷ್ಟೇ: ಒಂದೇ ಅಂಕಿಯನ್ನು ನಾಲ್ಕು ಸಲ ನೋಡುವುದು. ನಾಲ್ಕನೆಯ ಸಲ ಅಳು ಬರುತ್ತದೆ. ಅತ್ತು ಮುಗಿಸಿ ಐದನೆಯ ಸಲ ನೋಡಬೇಕು.

ಮೂರು ವರ್ಷದ ಹಿಂದೆ, ನಾನು ಮೊದಲ ವರ್ಷದಲ್ಲಿದ್ದಾಗ ನೀನು ಇಲ್ಲಿಗೆ ಬಂದಿದ್ದು ನೆನಪಿದೆಯಾ? ಚೆನ್ನಾಗಿ ಕೇಳಿಸುವ ಅರವತ್ತು ಜನರ ಕಿವಿಯ ದಾಖಲೆ ನಮ್ಮ ವಿಭಾಗಕ್ಕೆ ಬೇಕಾಗಿತ್ತು. ಅದರಲ್ಲಿ ಇಪ್ಪತ್ತಾರು ಜನ ನನ್ನ ಪಾಲಿಗೆ ಬಂದಿದ್ದರು. ಒಬ್ಬರು ಕಡಿಮೆ ಬಿದ್ದರು ಅಂತ ನಿನ್ನನ್ನೇ ಆ ಸದ್ದು ನುಸುಳದ ಕೋಣೆಯೊಳಗೆ ಕೂರಿಸಿದೆ. ದಪ್ಪ ಬಾಗಿಲು ನೋಡಿ ನೀನು ಹೆದರಿದೆ. ನಿನ್ನ ಮುಖ ಕಾಣೋ ಹಾಗೆ ಕೂರ್ತೀನಿ ಅಂತ ಹಟ ಹಿಡಿದೆ. ಕುರ್ಚಿ ಪಕ್ಕಕ್ಕೆ ತಿರುಗಿರಬೇಕು ಅನ್ನುವುದು ನಿಯಮ, ಉಳಿದವರನ್ನೆಲ್ಲ ಹಾಗೇ ಕೂರಿಸಿದ್ದೆ. ನಿನಗೊಬ್ಬಳಿಗೆ ಅಂತ ಗಾಜಿನ ಕಡೆ ತಿರುಗಿಸಿದೆ. ನನ್ನ ಕೈಗಳು ಗಾಜಿನ ಕೆಳಗೆ ಮೇಜಿನ ಮರೆಯಲ್ಲಿದ್ದವು, ಹಾಗಾಗಿ ತೊಂದರೆಯಿಲ್ಲ ಅಂದುಕೊಂಡೆ. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತು ಅಂದೆ. ಒತ್ತಿದೆ. ಎಷ್ಟು ಸಣ್ಣ ಸದ್ದು ಕಳಿಸಿದರೂ ಒತ್ತಿದೆ. ಇಪ್ಪತ್ತು ವರ್ಷ ಮಗ್ಗದ ಮನೆಯಲ್ಲಿ ನಿಂತವಳ ಕಿವಿ ಇಷ್ಟು ಚುರುಕಾ ಅಂತ ನಾನೇ ಬೀಗಿದೆ. ಎಲ್ಲ ಸರಿಯಿದೆ ಅಂತ ಚೀಟಿ ಬರೆದು, ವಿಭಾಗದ ಸೀಲು ಹೊಡೆಸಿ ನಿನ್ನ ಕೈಗೆ ಕೊಟ್ಟವಳೂ ನಾನೇ.

ಅದೇ ದಿನ ಸೀನಿಯರ್ ಅಕ್ಕ ಒಬ್ಬಳು ನಿನ್ನ ಕಿವಿಯಲ್ಲಿ ಸಣ್ಣ ರಬ್ಬರ್ ತುದಿ ಇಟ್ಟಿದ್ದಳು. ಅದರಲ್ಲಿ ಗುಂಡಿ ಒತ್ತುವ ಕೆಲಸವಿಲ್ಲ. ಯಂತ್ರ ಸದ್ದು ಕಳಿಸುತ್ತದೆ, ಚೆನ್ನಾಗಿರುವ ಕಿವಿ ಒಳಗಿನಿಂದ ತಾನಾಗಿಯೇ ಬಹಳ ಸಣ್ಣದಾಗಿ ಓಗೊಡುತ್ತದೆ. ಆ ದಾಖಲೆಗಳನ್ನು ಮೂರು ವರ್ಷ ಯಾರೂ ತೆರೆಯಲಿಲ್ಲ. ಈಗ ನನ್ನ ಪ್ರಬಂಧಕ್ಕೆ ಅಂತ ತೆರೆದೆ. ಹದಿನೇಳನೇ ನಂಬರಿನ ಕಿವಿ ಕೀಚಲು ಸ್ವರಗಳಿಗೆ ಓಗೊಟ್ಟೇ ಇರಲಿಲ್ಲ. ಗುಂಡಿಯ ಲೆಕ್ಕದಲ್ಲಿ ಮಾತ್ರ ಎಲ್ಲ ಸರಿ. ಯಾರಪ್ಪಾ ಇದು ಅಂತ ಕಬ್ಬಿಣದ ಬೀರುವಿನಿಂದ ಒಪ್ಪಿಗೆ ಪತ್ರ ತೆಗೆದರೆ ನಿನ್ನ ಸಹಿ.

ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಹೊತ್ತನ್ನು ಏರುಪೇರು ಮಾಡುತ್ತಿರಬೇಕು ಅಂತ ನಮಗೆ ಕಲಿಸುತ್ತಾರೆ. ಹೊಸಬರು ತಾಳ ಹಾಕಿದ ಹಾಗೆ ಒಂದೇ ಸಮನೆ ಕಳಿಸಿಬಿಡುತ್ತಾರೆ, ಎದುರಿಗಿರುವವರು ತಾಳಕ್ಕೆ ಸರಿಯಾಗಿ ಒತ್ತುತ್ತಾ ಹೋಗುತ್ತಾರೆ. ನಾನು ಮಾಡಿದ್ದು ಅದನ್ನೇ ಇರಬೇಕು. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ನನ್ನನ್ನು ನೋಡಿಯೇ ಹುಟ್ಟಿದ ಗಾದೆ.

ಇನ್ನೊಂದು ಮಾತು. ಒಂಬತ್ತು ದಿನ ಇದನ್ನು ಯಾರಿಗೂ ಹೇಳಲಿಲ್ಲ. ಹದಿನೇಳನ್ನು ಅಳಿಸಿಬಿಟ್ಟರೆ ಕೇಳುವವರಿಲ್ಲ, ಜೂನಿಗೆ ಪ್ರಬಂಧ ಮುಗಿಯುತ್ತದೆ, ಕೆಲಸ ಸಿಗುತ್ತದೆ. ಎರಡು ಸಲ ಅಳಿಸಿ ಎರಡು ಸಲ ವಾಪಸ್ ತಂದೆ. ಇವತ್ತು ಬೆಳಗ್ಗೆ ಗೈಡ್ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಕೈ ತಪ್ಪಿದ್ದು ಒಂದೇ ಕಡೆ ಅಂತ ಏನು ಗ್ಯಾರಂಟಿ, ಆ ಇಪ್ಪತ್ತಾರು ಜನರನ್ನೂ ಮತ್ತೆ ಕರೆಸಿ ನೋಡು ಅಂದರು. ಅವರಲ್ಲಿ ಅರ್ಧ ಜನ ಎಲ್ಲಿದ್ದಾರೋ ದೇವರಿಗೇ ಗೊತ್ತು. ನನ್ನ ವರ್ಷ ಹೋಯಿತು ಅಂತಲೇ ಲೆಕ್ಕ.

ನನ್ನ ವರ್ಷ ಹಾಳಾಗಿ ಹೋಗಲಿ. ಕಿವಿ ಮಂದವಾದವರನ್ನೆಲ್ಲ ಬಟ್ಟೆ ಮಡಿಸುವ ಕೋಣೆಗೆ ಹಾಕುತ್ತೇವೆ ಅಂತ ಮೇಸ್ತ್ರಿ ಹೇಳಿದಾಗ ನೀನು ನನ್ನ ಚೀಟಿ ತೋರಿಸಿ ಮಗ್ಗದ ಹತ್ತಿರವೇ ಉಳಿದೆ. ಆ ಗದ್ದಲದಲ್ಲಿ ಇನ್ನೂ ಮೂರು ವರ್ಷ. ಹೋದದ್ದು ವಾಪಸ್ ಬರುವುದಿಲ್ಲಮ್ಮ, ಕಿವಿ ಅಂಥ ವಸ್ತು. ನಿನ್ನ ಕಾಲಿನ ಗಾಯ ನೀನು ಹೇಳಿದ ಹಾಗೆ ಮೇಜು ತಾಗಿ ಆದದ್ದಲ್ಲ, ಹಿಂದಿನಿಂದ ಬಂದ ನೂಲಿನ ಗಾಡಿ ನಿನಗೆ ಕೇಳಿಸಲೇ ಇಲ್ಲ ಅಂತ ಚಿಕ್ಕಮ್ಮ ಹೇಳಿದಳು. ಇವತ್ತು ಗಾಡಿ, ನಾಳೆ ಇನ್ನೇನೋ. ಹಳೆಯ ಚೀಟಿ ತಪ್ಪು ಅಂತ ಮೇಡಂ ಸಹಿಯ ಹೊಸ ಚೀಟಿ ಇದರ ಜೊತೆಗಿದೆ. ಮೇಸ್ತ್ರಿಗೆ ಕೊಡು. ನಿನ್ನ ಕಾಲಿಗೆ ಬೀಳುತ್ತೇನೆ, ಕೊಡು.

ಕ್ಷಮಿಸು ಅಂತ ಬರೆದು ಹೊಡೆದು ಹಾಕಿದ್ದೇನೆ, ಮೇಲಿನ ಸಾಲಿನಲ್ಲಿ ಕಾಣುತ್ತಿರಬಹುದು. ಅಷ್ಟು ಸಣ್ಣ ಮಾತು ಇದಕ್ಕೆ ಸಾಲದು.

ನಿನ್ನ
ಗುಬ್ಬಿ


ಸೋಮವಾರ, ಮಾರ್ಚ್ ೧೦

ಗುಬ್ಬಿಗೆ, ಅಮ್ಮನ ಆಶೀರ್ವಾದಗಳು.

ಕಾಗದ ತಲುಪಿತು. ಎರಡು ಸಲ ಓದಿದೆ. ಇಷ್ಟು ಓದಿಯೂ ನಿನ್ನ ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲೇ. ಜ್ವರ ಬಂದರೆ ಮಾತ್ರೆ ನುಂಗಿ ಮಲಗಬೇಕು, ಲ್ಯಾಬಿಗೆ ಹೋಗಿ ಕೂರಬಾರದು. ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ಬರವಣಿಗೆ ನೋಡಿದರೇ ಗೊತ್ತಾಗುತ್ತದೆ.

ನನಗೆ ಏನೂ ಆಗಿಲ್ಲ. ಗಾಡಿ ತಾಗಿದ್ದಕ್ಕೆ ಅದನ್ನು ತಳ್ಳುವವನ ಕಣ್ಣು ಕಾರಣ, ನನ್ನ ಕಿವಿಯಲ್ಲ. ನಿನ್ನ ಚಿಕ್ಕಮ್ಮನದು ಇಲಿ ಹೋದರೆ ಹುಲಿ ಹೋಯಿತು ಅನ್ನುವ ಬಾಯಿ, ನಿನಗೆ ಗೊತ್ತಿಲ್ಲದ್ದಾ? ಮಡಿಸುವ ಕೋಣೆಯಲ್ಲಿ ಅವಳ ಪಕ್ಕ ಸ್ಟೂಲು ಹಾಕಿಕೊಂಡು ದಿನವಿಡೀ ಅವಳ ಸೊಸೆಯ ಪುರಾಣ ಕೇಳುವುದಕ್ಕಿಂತ ಕೇಳಿಸದೇ ಇರುವುದೇ ಮೇಲು. ಮಗ್ಗದ ಮೇಲೆ ಕೈ ಇಟ್ಟರೆ ಸಾಕು, ಯಾವ ದಾರ ಹರಿಯುತ್ತದೆ ಅಂತ ನನ್ನ ಅಂಗೈಗೆ ತಿಳಿಯುತ್ತದೆ. ನನ್ನ ಮಗ್ಗಗಳನ್ನು ನಿನ್ನೆ ಮೊನ್ನೆ ಬಂದವಳ ಕೈಗೆ ಕೊಟ್ಟು ಮೂಲೆಯಲ್ಲಿ ಕೂತು ಬಟ್ಟೆ ಮಡಿಸು ಅಂದರೆ ಹೇಗೆ ಗುಬ್ಬಿ?

ನಿನ್ನ ಹೊಸ ಚೀಟಿಯನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಭದ್ರವಾಗಿ ಇಟ್ಟಿದ್ದೇನೆ. ನೋಡೋಣ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ, ಓದಿನ ಕಡೆ ಗಮನ ಕೊಡು.

ಇತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಡಿಸಿದ್ದೇನೆ. ಆ ಇಪ್ಪತ್ತಾರು ಜನರನ್ನು ಹುಡುಕಿಕೊಂಡು ನೀನು ಅಲೆಯುವುದು ಬೇಡ. ತಪ್ಪು ನಿನ್ನ ಕೈಯದಲ್ಲ, ತಾಳದ್ದೂ ಅಲ್ಲ. ಕೋಣೆ ನೋಡಿ ಹೆದರಿದೆ ಅಂದದ್ದು ಸುಳ್ಳು. ಇಪ್ಪತ್ತು ವರ್ಷ ಆ ಗದ್ದಲದಲ್ಲಿ ನಿಂತವಳಿಗೆ ಒಂದು ಪೆಟ್ಟಿಗೆ ಕಂಡರೆ ಭಯವಾ? ನೀನು ಆಚೆಯಿಂದ ಸದ್ದು ಕಳಿಸುವಾಗಲೆಲ್ಲ ನಿನ್ನ ಬಲ ಭುಜ ಒಂದು ಚೂರು ಮೇಲೇಳುತ್ತಿತ್ತು. ಚಿಕ್ಕವಳಿದ್ದಾಗ ಕಾಪಿ ಬರೆಯುವಾಗಲೂ ಹಾಗೇ ಏಳುತ್ತಿತ್ತು. ಭುಜ ಎದ್ದಾಗಲೆಲ್ಲ ನಾನು ಒತ್ತಿದೆ. ಕೇಳಿಸಿದ್ದು ಸ್ವಲ್ಪ, ಕಂಡದ್ದೇ ಜಾಸ್ತಿ. ನಿನ್ನ ಪರೀಕ್ಷೆ ಕೆಡಬಾರದು ಅಂತ ಮಾಡಿದೆ ಅಂದರೆ ಅರ್ಧ ಸುಳ್ಳಾಗುತ್ತದೆ. ಮೇಸ್ತ್ರಿ ಚೀಟಿ ಕೇಳಿದ್ದೂ ಅದೇ ವಾರ. ಉಳಿದವರನ್ನೆಲ್ಲ ಪಕ್ಕಕ್ಕೆ ಕೂರಿಸಿದ್ದೆಯಲ್ಲ, ಅವರದೆಲ್ಲ ಸರಿಯೇ ಇರುತ್ತದೆ. ನಿಮ್ಮ ಮೇಡಂಗೆ ಈ ಕಾಗದವನ್ನೇ ತೋರಿಸು, ಕಳ್ಳಿ ನಾನೊಬ್ಬಳೇ ಅಂತ ಹೇಳು.

ಬೀರುವಿನಿಂದ ಚೀಟಿ ತೆಗೆದು ನಾಳೆಯ ಚೀಲಕ್ಕೆ ಹಾಕಿಕೊಂಡಿದ್ದೇನೆ. ಗುರುವಾರ ರಜೆ ಹಾಕಿ ನಿನ್ನ ಹತ್ತಿರ ಬರುತ್ತೇನೆ, ಇನ್ನೊಂದು ಸಲ ಪರೀಕ್ಷೆ ಮಾಡು. ಈ ಸಲ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸು. ಭಯ ಆಗುತ್ತೆ ಅಂತ ನಾನು ಎಷ್ಟು ಹೇಳಿದರೂ ಕೇಳಬೇಡ. ಈ ಸಲ ನಿಜವಾಗಿಯೂ ಆಗುತ್ತಿದೆ.