ಟಕ್ ಅಂದ್ಮೇಲೆ ಕೈ ತೆಗಿ

ಅಪ್ಪಾ,

ಬೋಲ್ಟನ್ನ ಅಳತೆಗೆ ಸರಿಯಾಗಿ ಬಿಗಿಯೋ ನಿನ್ನ ಹಳೇ ಟಾರ್ಕ್ ವ್ರೆಂಚನ್ನ ನಿನ್ನೆ ಚೆಕ್ ಮಾಡಿಸ್ದೆ. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ರಿಪೇರಿನೂ ಬೇಡ, ಹೊಸದೂ ಬೇಡ.

‘ಇದು ಕೆಟ್ಟಿದೆ, ಗ್ಯಾರೇಜಲ್ಲಿ ಬೋಲ್ಟೆಲ್ಲ ಮುರೀತಿದೆ’ ಅಂತ ನನ್ನ ತಲೆ ತಿಂದೆಯಲ್ಲ, ಮುರೀತಿರೋದು ನೀನು! ಬಿಗಿ ಸಾಕಾದ ತಕ್ಷಣ ಅದು ಪಾಪ ಟಕ್ ಅನ್ನುತ್ತೆ. ನೀನು ‘ಯಾವುದಕ್ಕೂ ಇರ್ಲಿ’ ಅಂತ ಇನ್ನೊಂದು ಸಲ ಎಳೀತೀಯ. ನನ್ನ ಕಾರಿಗಂತೂ ಎರಡು ಸಲ.

ಆ ಕಾರು ಈಗ ಗೇಟ್ ಮುಂದೆ ಪಂಕ್ಚರಾಗಿ ನಿಂತಿದೆ. ಕೀ ಫ್ರಿಜ್ ಮೇಲಿದೆ, ಸ್ಟೆಪ್ನಿ ಡಿಕ್ಕೀಲಿದೆ. ಚಕ್ರ ನೀನೇ ಬದಲಾಯಿಸು. ಟಕ್ ಅಂದ್ಮೇಲೆ ಕೈ ತೆಗಿ, ದಮ್ಮಯ್ಯ!

ನಾನು ಬಸ್ಸಲ್ಲಿ ಹೋಗ್ತಿದೀನಿ. ಸ್ಪ್ಯಾನರ್ ಮೇಲೆ ಹತ್ತಿ ಕುಣಿದ್ರೂ ನೀನು ಬಿಗಿದ ಒಂದು ನಟ್ಟೂ ಅಲ್ಲಾಡ್ಲಿಲ್ಲ.